ಚುಕ್ತಾ ಆದ ಮುಯ್ಯಿ

ಬಣವೆ ಒಟ್ಟುವ ಗುದ್ಲೆಪ್ಪ ಎಂದರೆ ಯಲವಿಗಿ ಸ್ಟೇಷನ್ನಿನ ಆಚೀಚೆಯ ಹಳ್ಳಿಗಳಲ್ಲಿ ಯಾವ ಗುದ್ಲೆಪ್ಪ ಎಂದು ಯಾರೂ ಮರಳಿ ಕೇಳುವುದಿಲ್ಲ. ಮೂರನೆಯ ಇಯತ್ತೆಯಲ್ಲಿಯೇ ಶಾಲೆ ಬಿಟ್ಟವನು. ತಂದೆ ಬೇಗ ತೀರಿಕೊಂಡದ್ದರಿಂದ ಸೋದರಮಾವನ ಬೆನ್ನು ಹತ್ತಿ ಹೊಲದಿಂದ ಹೊಲಕ್ಕೆ ತಿರುಗಿದ. ಅಕ್ಷರ ತಲೆಗೆ ಹತ್ತಲಿಲ್ಲ, ಬಣವೆ ಕೈಗೆ ಹತ್ತಿತು. ಈಗ ಅವನಿಗೆ ಐವತ್ತಾರು ವರ್ಷ. ತಲೆ ನರೆತಿದೆ, ಮೊಣಕಾಲು ಹಿಡಿಯುತ್ತದೆ. ಆದರೆ ಕಣಿಕೆಯ ಸಿವುಡಿನ ಮೇಲೆ ಕಾಲಿಟ್ಟನೆಂದರೆ ಹರೆಯದವನ ಹಾಗೆ ನಡೆಯುತ್ತಾನೆ.

ಜೋಳದ ತೆನೆ ಮುರಿದ ಮೇಲೆ ಉಳಿಯುವ ದಂಟೇ ಕಣಿಕೆ. ಅದನ್ನು ಸಿವುಡು ಸಿವುಡಾಗಿ ಕಟ್ಟಿ, ದನಗಳಿಗೆ ವರ್ಷವಿಡೀ ಮೇವಾಗುವಂತೆ ಬಣವೆ ಒಟ್ಟಿಡುತ್ತಾರೆ. ನೋಡುವವರಿಗೆ ಇದು ಒಂದರ ಮೇಲೊಂದು ಇಡುವ ಕೆಲಸ. ಅಷ್ಟೇ ಆಗಿದ್ದರೆ ಎಲ್ಲರ ಬಣವೆಯೂ ನೆಟ್ಟಗೆ ನಿಲ್ಲುತ್ತಿತ್ತು. ಬುಡಕ್ಕೆ ಕಲ್ಲು ಹಾಸಿ ಗೆದ್ದಲನ್ನು ತಡೆಯಬೇಕು. ದಂಟಿನ ಬುಡ ಹೊರಗೆ, ತುದಿ ಒಳಗೆ ಬರಬೇಕು. ನಡುವಿನ ಹೊಟ್ಟೆಯನ್ನು ಅಂಚಿಗಿಂತ ಒಂದು ಮೊಳ ಎತ್ತರವಾಗಿ ತುಂಬುತ್ತಲೇ ಮೇಲೇರಬೇಕು. ಆಗ ಒಂದೊಂದು ಸಿವುಡೂ ಹೊರಗಡೆಗೆ ಇಳಿಜಾರಾಗಿ ಕೂತು, ಬಿದ್ದ ಮಳೆ ಒಳಗಿಳಿಯದೆ ಹರಿದುಹೋಗುತ್ತದೆ. ಹೊಟ್ಟೆ ಟೊಳ್ಳಾಯಿತೋ, ಬಣವೆ ಮಗ್ಗುಲಿಗೆ ವಾಲುತ್ತದೆ. ಗುದ್ಲೆಪ್ಪ ಒಟ್ಟಿದ ಬಣವೆ ವಾಲಿದ್ದನ್ನು ಕಂಡವರಿಲ್ಲ. ಮಳೆಗಾಲ ಕಳೆದು ಬಿಚ್ಚಿದರೂ ಒಳಗಿನ ಕಣಿಕೆ ಇಟ್ಟ ದಿನದ ಹಾಗೆಯೇ ಇರುತ್ತಿತ್ತು.

ಈ ಕೆಲಸಕ್ಕಾಗಿ ಅವನು ತನ್ನ ಊರಿನಲ್ಲಿ ಯಾರಿಂದಲೂ ದುಡ್ಡು ಮುಟ್ಟಿದವನಲ್ಲ. ಊರಿನಲ್ಲಿ ಅವನದು ಮುಯ್ಯಿ.

ನಾಲ್ಕು ಮನೆಗಳ ಮುಯ್ಯಿ ಅದು. ಒಂದು ದಿನ ನಾಲ್ಕೂ ಮನೆಯವರು ಕೂಡಿ ಒಬ್ಬರ ಹೊಲಕ್ಕೆ ಹೋಗುವುದು, ಮರುದಿನ ಇನ್ನೊಬ್ಬರ ಹೊಲಕ್ಕೆ. ಯಾರ ಬೆಳೆ ಮೊದಲು ಬಲಿಯಿತೋ ಅವರದೇ ಮೊದಲ ಪಾಳಿ. ಪಗಾರವಿಲ್ಲ, ಹಾಜರಿ ಪುಸ್ತಕವಿಲ್ಲ. ಬುತ್ತಿ ಅವರವರದು, ಹೊಲದವರು ಮಜ್ಜಿಗೆ ಕೊಟ್ಟರೆ ಸಾಕು. ಹೊರಗೆ ಕೂಲಿಗೆ ಹೋದರೆ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಬಹಳ ಕಡಿಮೆ. ಮುಯ್ಯಿಯಲ್ಲಿ ಆ ಭೇದವಿಲ್ಲ. ಯಾರೇ ಬರಲಿ, ಒಂದು ದಿನಕ್ಕೆ ಒಂದು ದಿನ.

"ನನಗೂ ನನ್ನ ಹೇಣ್ತಿಗೂ ಒಂದ ಕಿಮ್ಮತ್ತು ಇರೂ ಜಾಗಾ ಇದೊಂದ ನೋಡ್ರಿ" ಎಂದು ಮಾಳಪ್ಪ ಹೇಳುತ್ತಿದ್ದ. "ಮನ್ಯಾಗ ಆಕಿ ಕಿಮ್ಮತ್ತ ಜಾಸ್ತಿ."

ಮಾಳಪ್ಪ ಗುದ್ಲೆಪ್ಪನ ಓರಗೆಯವನು, ಚಿಕ್ಕಂದಿನ ಗೆಳೆಯ. ಮೂರನೆಯ ಮನೆ ದಾನವ್ವನದು. ಎಪ್ಪತ್ತು ದಾಟಿದ ಹಿರಿಯಳು. ಈಗ ಹೊಲಕ್ಕೆ ಸೊಸೆಯನ್ನು ಕಳಿಸುತ್ತಾಳೆ. ಪಾಳಿ ಗೊತ್ತುಮಾಡುವ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಅಂದು ಸಂಜೆ ಎಲ್ಲರೂ ಅವಳ ಮನೆಯ ಕಟ್ಟೆಗೆ ಬರುತ್ತಾರೆ. ಯಾರು ಯಾರ ಹೊಲಕ್ಕೆ ಎಷ್ಟು ದಿನ ಹೋಗಿದ್ದಾರೆ ಎಂಬುದು ಅವಳ ಬಾಯಲ್ಲಿಯೇ ಇರುತ್ತದೆ. ನಾಲ್ಕನೆಯವಳು ರಮಜಾನಬಿ. ಗಂಡ ದಸ್ತಗೀರಸಾಬ ತೀರಿಕೊಂಡು ಆರು ವರ್ಷವಾಯಿತು. ಸ್ಟೇಷನ್ ರಸ್ತೆಯ ಬದಿಗೆ ಮೂರು ಎಕರೆ ಹೊಲ, ಮನೆಯಲ್ಲಿ ಎರಡು ಎಮ್ಮೆ. ಯಲವಿಗಿಗೆ ಹಾಲು ಹಾಕಿ ಬದುಕು ನಡೆಸುತ್ತಾಳೆ. ಉಳಿದವರಿಗೆ ಬಣವೆ ಎಂದರೆ ಮೇವು, ಅವಳಿಗೆ ಅದು ವರ್ಷದ ಅನ್ನ. ಗುದ್ಲೆಪ್ಪನನ್ನು ಅವಳು ಅಣ್ಣ ಎನ್ನುತ್ತಾಳೆ. ಅವನಿಗೆ ಅವಳು ತಂಗಿ.

ಹೋದ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಗುದ್ಲೆಪ್ಪನಿಗೆ ಹಾನಗಲ್ಲಿನಿಂದ ಕರೆ ಬಂದಿತು. ಅಲ್ಲಿ ಪರಮೇಶ್ವರಪ್ಪ ಎಂಬವರು ಹೊಸದಾಗಿ ಹಾಲಿನ ಡೇರಿ ಮಾಡಿದ್ದರು. ಅರವತ್ತು ಆಕಳು. ಶಿಗ್ಗಾವಿ, ಸವಣೂರುಗಳಿಂದ ಲಾರಿಯಲ್ಲಿ ಕಣಿಕೆ ತರಿಸಿದ್ದರು. ಒಟ್ಟುವವರು ಬೇಕಾಗಿತ್ತು. ಮೂರು ದಿನದ ಕೆಲಸ, ದಿನಕ್ಕೆ ಒಂದೂವರೆ ಸಾವಿರ. ಕರೆದೊಯ್ಯಲು ಜೀಪೇ ಬಂದಿತು.

ದುಡ್ಡಿನ ಅಡಚಣೆ ಅವನಿಗೆ ಆಗ ಇರಲಿಲ್ಲ. ಮಗ ಮೈಲಾರಲಿಂಗ ಸವಣೂರಿನಲ್ಲಿ ಟಂಟಂ ಓಡಿಸುತ್ತಿದ್ದ, ಮನೆ ನಡೆಯುತ್ತಿತ್ತು. ಗುದ್ಲೆಪ್ಪನನ್ನು ಸೆಳೆದದ್ದು ಜೀಪು. ಡೇರಿಯಲ್ಲಿ ಅವನಿಗೆ ಕುರ್ಚಿ ಹಾಕಿದರು, ಸ್ಟೀಲಿನ ಲೋಟದಲ್ಲಿ ಚಹ ಕೊಟ್ಟರು. ಪರಮೇಶ್ವರಪ್ಪನವರು ನೋಡಲು ಬಂದವರಿಗೆಲ್ಲ "ಇವರು ನಮ್ಮ ಬಣವಿ ಮಾಸ್ತರ್ರು" ಎಂದು ತೋರಿಸಿದರು. ಅಷ್ಟು ವರ್ಷದಲ್ಲಿ ಅವನನ್ನು ಬಹುವಚನದಲ್ಲಿ ಕರೆದವರು ಕಡಿಮೆ. ಮೂರನೆಯ ದಿನ ಸಂಜೆ ಅವರು, ಇನ್ನೊಂದು ಬಣವೆಯನ್ನು ಮುಗಿಸಿಕೊಂಡೇ ಹೋಗಿರಿ ಮಾಸ್ತರ, ಎಂದಾಗ ಅವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಹೆಂಡತಿ ತಿಪ್ಪವ್ವ ಫೋನು ಮಾಡಿದಳು.

"ಎಲ್ಲಿ ಅದೀರಿ? ರಮಜಾನಬಿಗೆ ರಾಶಿ ಮಶಿನ್ನು ನಿನ್ನೆನ ಬಂದಿತ್ತು. ಕಣಿಕಿ ಬಯಲಾಗ ಬಿದ್ದೈತಿ. ಇವತ್ತ ಬಣವಿ."

"ಶನಿವಾರ ಅಂದಿದ್ಲಲ್ಲ?"

"ಮಶಿನ್ನು ಮೊದಲ ಸಿಕ್ತು, ಮಾಡಿಸಿದ್ಲು. ಈಗ ಬಸ್ ಹತ್ತಿದ್ರ ಹತ್ತರ ಹೊತ್ತಿಗೆ ಬರ್ತೀರಿ. ಬರ್ರಿ."

"ಇಲ್ಲಿ ಅರ್ಧಾ ಬಣವಿ ಮ್ಯಾಲ ನಿಂತೇನಿ, ಹೆಂಗ ಬಿಟ್ಟ ಬರ್ಲಿ? ನೀ ಹೋಗು. ನಂದು ಏನರ ವ್ಯವಸ್ಥಾ ಮಾಡ್ತೇನಿ."

ಅವನು ಬಣವೆಯ ಮೇಲೆ ನಿಂತಿರಲಿಲ್ಲ. ಕುರ್ಚಿಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ. ಆ ಸುಳ್ಳು ಅವನಿಗೆ ಆಗ ದೊಡ್ಡದಾಗಿ ಕಾಣಲಿಲ್ಲ. ಮಗನಿಗೆ ಫೋನು ಹಚ್ಚಿ, ರಮಜಾನಬಿಯ ಮೊಬೈಲಿಗೆ ಒಂದು ಸಾವಿರ ರೂಪಾಯಿ ಹಾಕು, ಅಪ್ಪನ ಮುಯ್ಯಿ ಎಂದು ಬರೆ, ಎಂದು ಹೇಳಿದ. ಗಂಡಾಳಿನ ಪಗಾರಕ್ಕಿಂತ ಹೆಚ್ಚೇ ಕೊಟ್ಟೆನಲ್ಲ ಎಂದು ಸಮಾಧಾನವನ್ನೂ ಪಟ್ಟುಕೊಂಡ. ಒಬ್ಬರಲ್ಲ, ಇಬ್ಬರು ಆಳು ಸಿಗುತ್ತಾರೆ ಎಂದುಕೊಂಡ. ಮಗನೂ ಏನೂ ಕೇಳದೆ ಹಾಕಿಬಿಟ್ಟ.

ಐದನೆಯ ದಿನ ಮಧ್ಯಾಹ್ನ ಜೀಪು ಅವನನ್ನು ಸ್ಟೇಷನ್ ರಸ್ತೆಯ ತಿರುವಿನಲ್ಲಿ ಇಳಿಸಿ ಹೋಯಿತು. ಕೈಯಲ್ಲಿ ಸವಣೂರಿನಲ್ಲಿ ಕೊಂಡ ಖಾರದ ಪೊಟ್ಟಣವಿತ್ತು. ನಾಲ್ಕು ಹೆಜ್ಜೆ ನಡೆದು ತಲೆ ಎತ್ತಿದವನು ಅಲ್ಲೇ ನಿಂತ. ರಮಜಾನಬಿಯ ಹೊಲದಲ್ಲಿ ಒಂದು ಬಣವೆ ಎದ್ದಿತ್ತು. ಎದ್ದಿತ್ತು ಎನ್ನುವುದಕ್ಕಿಂತ ಬೀಳಲು ಜಾಗ ನೋಡುತ್ತಿತ್ತು. ನಡು ಟೊಳ್ಳು, ಮೂಡಣ ಮಗ್ಗುಲು ಉಬ್ಬಿ ಹೊರಗೆ ಬಂದಿದೆ, ಬೀಳದಿರಲೆಂದು ಎರಡು ಬಿದಿರಿನ ಗಳ ಆನಿಸಿದ್ದಾರೆ. ರೈಲಿನಲ್ಲಿ ಕುಳಿತವರಿಗೂ ಕಾಣುವಂಥ ಜಾಗ ಅದು.

ಮಾಳಪ್ಪ ಎತ್ತುಗಳಿಗೆ ನೀರು ಕುಡಿಸಿಕೊಂಡು ಎದುರಿಗೆ ಬಂದ.

"ಯಾರೋ ಇದನ್ನ ಒಟ್ಟಿದ್ದು?" ಎಂದು ಗುದ್ಲೆಪ್ಪ ಕೇಳಿದ.

"ನೀನ."

"ನಾನ?"

"ಹೌದು. ನಿನ್ನ ಸಾವಿರ ರೂಪಾಯಿ ಒಟ್ಟೈತಿ. ಛಲೋ ಒಟ್ಟೈತಿ, ಇಲ್ಲ? ಸ್ವಲ್ಪ ಕುಡದಂಗ ಕಾಣ್ತೈತಿ, ಅಷ್ಟ."

ಗುದ್ಲೆಪ್ಪ ನಗಲು ನೋಡಿದ. ಮಾಳಪ್ಪ ನಗಲಿಲ್ಲ.

"ಹತ್ತು ಗಂಟೆ ತನಕ ಸಿವುಡ ಮುಂದ ಇಟಗೊಂಡು ನಿನ್ನ ದಾರಿ ಕಾದ್ವಿ. ನೀ ಅಲ್ಲೆ ಅರ್ಧಾ ಬಣವಿ ಮ್ಯಾಲ ನಿಂತಿ ಅಂತ ತಿಪ್ಪವ್ವ ಅಂದ್ರೂ, ಅಣ್ಣ ಬಸ್ಸಿಗೆ ಬಂದ ಬರ್ತಾನ ಅಂತ ರಮಜಾನಬಿ ನಮ್ಮನ್ನ ಹತ್ತಾಕ ಬಿಡ್ಲಿಲ್ಲ. ಅಷ್ಟೊತ್ತಿಗೆ ಆಕಿ ಮೊಬೈಲು ಸದ್ದ ಮಾಡ್ತು. ಆಕಿಗೆ ಓದಾಕ ಬರೂದಿಲ್ಲ. ಯಾರ ಕೈಯಾಗ ಕೊಟ್ಲು ಹೇಳು?"

ಗುದ್ಲೆಪ್ಪನಿಗೆ ಗೊತ್ತಿತ್ತು. ಆ ಹೊಲದಲ್ಲಿ ಓದಲು ಬರುವವಳು ಒಬ್ಬಳೇ. ಏಳನೆಯ ಇಯತ್ತೆ ಮುಗಿಸಿ ಅಬಲೂರಿನಿಂದ ಅವನ ಹೆಂಡತಿಯಾಗಿ ಬಂದವಳು.

"ತಿಪ್ಪವ್ವ ಎಲ್ಲಾರ ಮುಂದ ಓದಿದ್ಲಪಾ. ಸಾವಿರ ರೂಪಾಯಿ, ಅಪ್ಪನ ಮುಯ್ಯಿ. ಓದಿ ಮೊಬೈಲು ತಿರುಗಿ ಕೊಟ್ಟು, ಸೆರಗ ಸೊಂಟಕ್ಕ ಸಿಗಿಸಿಕೊಂಡು ತಾನ ಮ್ಯಾಲ ಹತ್ತಿದ್ಲು. ಆಕಿಗೇನ ಒಟ್ಟಾಕ ಬರ್ತೈತಿ? ನಮಗರ ಏನ ಬರ್ತೈತಿ?"

ಮಾಳಪ್ಪ ಎತ್ತು ಹೊಡೆದುಕೊಂಡು ಮುಂದೆ ಹೋದ. ಗುದ್ಲೆಪ್ಪ ರಸ್ತೆ ಬಿಟ್ಟು ಹಳ್ಳದ ದಾರಿ ಹಿಡಿದು ಮನೆಗೆ ಬಂದ. ರಸ್ತೆಯಲ್ಲಿ ಯಾರು ಸಿಕ್ಕರೂ ಆ ಬಣವೆಯ ಮಾತು ಬರುತ್ತಿತ್ತು.

ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. ಖಾರದ ಪೊಟ್ಟಣವನ್ನು ಅವನು ಅವಳ ಹತ್ತಿರ ಇಟ್ಟ. ಅವಳು ಅದನ್ನು ನೋಡಿದಳು, ಹಿಟ್ಟಿನ ಕೈಯಿಂದಲೇ ಪಕ್ಕಕ್ಕೆ ಸರಿಸಿದಳು. ಬೈದಿದ್ದರೆ ಅವನು ಏನಾದರೂ ಹೇಳುತ್ತಿದ್ದ. ಹೇಳಲು ಸಿದ್ಧಮಾಡಿಕೊಂಡೂ ಬಂದಿದ್ದ. ಅವಳು ಊಟಕ್ಕೆ ಬಡಿಸಿ, "ಹಾನಗಲ್ಲಾಗ ಬಿಸಲ ಹೆಂಗಿತ್ತು?" ಎಂದಳು. ಅಷ್ಟೇ. ಅವಳು ಬಣವೆಯ ಮೇಲೆ ಹತ್ತಿ ನಿಂತದ್ದು ಅವನ ಕಣ್ಣಿಗೆ ಕಟ್ಟಿತು. ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಸೋಮವಾರ ಸಂಜೆ ದಾನವ್ವನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಗುದ್ಲೆಪ್ಪ ಎಂದಿನ ಹಾಗೆ ಮೆಟ್ಟಿಲ ಬಳಿ ಕುಳಿತ. ದಾನವ್ವ ಕಣ್ಣು ಮುಚ್ಚಿ ಪಾಳಿ ಹೇಳತೊಡಗಿದಳು.

"ಮಂಗಳವಾರ ಮಾಳಪ್ಪಂದು. ಬುಧವಾರ ಗುರುವಾರ ನಂದು. ಶುಕ್ರವಾರ ರಮಜಾನಬಿಗೆ ಆಗೂದಿಲ್ಲ, ಬಿಡುವು. ಶನಿವಾರ ಮಾಳಪ್ಪನ ಕೆಳಗಿನ ತುಂಡು. ರವಿವಾರ ತಿಪ್ಪವ್ವಂದು."

ಇಷ್ಟು ವರ್ಷ ಆ ಪಾಳಿಗೆ ಗುದ್ಲೆಪ್ಪನ ಪಾಳಿ ಎನ್ನುತ್ತಿದ್ದರು. ಬಾಯಿತಪ್ಪಿ ಹೇಳಿದಳೇನೋ ಎಂದು ಅವನು ಒಂದು ಕ್ಷಣ ಕಾದ.

"ಅವ್ವಾರ, ನಂದು?"

"ನಿಂದು ಏನಪಾ?"

"ನನ್ನ ಪಾಳಿ."

ದಾನವ್ವ ಕಣ್ಣು ತೆರೆದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ನಿಂದು ಚುಕ್ತಾ ಆತಲ್ಲಪಾ. ರೊಕ್ಕಾ ಕೊಟ್ಟು ಚುಕ್ತಾ ಮಾಡಿದಿ. ಇನ್ನ ನಿನ್ನ ಮ್ಯಾಲ ನಮ್ಮದಿಲ್ಲ, ನಮ್ಮ ಮ್ಯಾಲ ನಿಂದಿಲ್ಲ. ತಿಪ್ಪವ್ವ ಮೈಮುರದು ದುಡದಾಳ, ಆಕಿದು ಐತಿ."

"ಒಬ್ಬರ ಸಂಗಾಟ ಹಂಗ ಆದ್ರ ಎಲ್ಲಾರ ಸಂಗಾಟ ಆದಂಗೇನ್ರಿ?"

"ಮತ್ತ? ನಾಲ್ಕು ಮನಿ ಕೂಡೇ ಮುಯ್ಯಿ ಅಲ್ಲೇನು?"

ರಮಜಾನಬಿ ಸೀರೆಯ ಅಂಚಿಗೆ ಹತ್ತಿದ ಮುಳ್ಳನ್ನು ಒಂದೊಂದಾಗಿ ಕೀಳುತ್ತಿದ್ದಳು. ತಲೆ ಎತ್ತಲಿಲ್ಲ. ಗುದ್ಲೆಪ್ಪನಿಗೆ ಎದ್ದು ಹೋಗುವುದೋ ಕೂತಿರುವುದೋ ತಿಳಿಯಲಿಲ್ಲ. ಎದ್ದರೆ ಮುನಿದು ಹೋದಂತೆ ಆಗುತ್ತಿತ್ತು. ಮುನಿಯುವ ಹಕ್ಕು ಅವನಿಗಿರಲಿಲ್ಲ. ಎಲ್ಲರೂ ಏಳುವವರೆಗೆ ಕೂತು, ಎಲ್ಲರ ಹಿಂದೆ ಮನೆಗೆ ಬಂದ.

ರವಿವಾರ ನಸುಕಿನಲ್ಲಿಯೇ ಮಂದಿ ಅವನ ಹೊಲಕ್ಕೆ ಬಂದರು. ಜೋಳ ಕೊಯ್ದರು, ತೆನೆ ಮುರಿದರು, ಸಿವುಡು ಕಟ್ಟಿದರು. ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಕೊಂಕು ಮಾತಾಡಲಿಲ್ಲ. ಯಾವ ಸಾಲು ಹಿಡಿಯಬೇಕೆಂದು ತಿಪ್ಪವ್ವನನ್ನು ಕೇಳಿದರು, ಮಜ್ಜಿಗೆಯನ್ನು ತಿಪ್ಪವ್ವನಿಂದ ಇಸಿದುಕೊಂಡರು. ಗುದ್ಲೆಪ್ಪನೂ ಒಂದು ಸಾಲು ಹಿಡಿದ. ಅಜ್ಜನ ಕಾಲದಿಂದ ತನ್ನದಾದ ಹೊಲದಲ್ಲಿ, ದಾರಿ ತಪ್ಪಿ ಬಂದವನ ಹಾಗೆ ಅಂಚಿನಲ್ಲಿ ಕೊಯ್ಯುತ್ತ ಹೋದ.

ಮಧ್ಯಾಹ್ನ ಬೇವಿನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಅವನು ದೂರ ನಿಂತದ್ದನ್ನು ಕಂಡು ಮಾಳಪ್ಪನೇ ಕರೆದ.

"ಬಾರೋ, ಕುಂದ್ರು. ಯಾರ ಕಡೆ ಆಳ ನೀನು?" ಎಂದು, ತಿಪ್ಪವ್ವನ ಕಡೆಗೆ ತಿರುಗಿ, "ತಂಗಿ, ಇಂವಗ ಪಗಾರ ಎಷ್ಟ ಅಂತ ಮಾತಾಡಿ ಕರಕೊಂಡ ಬಂದಿ?" ಎಂದ.

ಹೆಂಗಸರು ಸೆರಗಿನಲ್ಲಿ ನಕ್ಕರು. ತಿಪ್ಪವ್ವನೂ ನಕ್ಕಳು. "ಪಗಾರ ಇಲ್ಲಪಾ, ರೊಟ್ಟಿ ಮ್ಯಾಲ ಬಂದಾರ" ಎಂದಳು. ಅವಳು ವಾರದಿಂದ ನಕ್ಕಿರಲಿಲ್ಲ. ತನ್ನನ್ನು ಆಡಿಕೊಂಡಾದರೂ ನಕ್ಕಳಲ್ಲ ಎಂದು ಗುದ್ಲೆಪ್ಪ ಕೂತು ರೊಟ್ಟಿ ಮುರಿದ.

ಊಟವಾದ ಮೇಲೆ ರಮಜಾನಬಿ ಬದುವಿನ ಹತ್ತಿರ ಕುಡಗೋಲು ಮಸೆಯುತ್ತಿದ್ದಳು. ಗುದ್ಲೆಪ್ಪ ಅಲ್ಲಿಗೆ ಹೋಗಿ ನಿಂತ.

"ತಂಗಿ, ನಿನ್ನ ಬಣವಿ ಬಿಚ್ಚಿ ಮತ್ತ ಒಟ್ಟಿಕೊಡ್ತೇನಿ. ನಾಳೆನ ಬರ್ತೇನಿ."

"ಬ್ಯಾಡಣ್ಣಾ."

"ಮಳಿ ಬಂದ್ರ ಒಳಗ ನೀರ ಇಳೀತೈತಿ."

"ಇಳದ್ರ ಇಳೀಲಿ. ಮ್ಯಾಲ ತಾಡಪತ್ರಿ ಹೊಚ್ಚೇನಿ. ವಾಲಿದ್ದ ಬಣವಿ ಅಂತ ಎಮ್ಮಿ ತಿನ್ನೂದ ಬಿಡತಾವೇನು?"

ಅವನು ಹೋಗಲಿಲ್ಲ. ಅವಳು ಕುಡಗೋಲಿನ ಬಾಯಿಯನ್ನು ಬೆರಳಿನಿಂದ ನೋಡಿ, ಮತ್ತೆ ಮಸೆಯುತ್ತ ನಿಧಾನವಾಗಿ ಹೇಳಿದಳು.

"ಇವತ್ತ ಬರಾಕ ಆಗೂದಿಲ್ಲ, ನಾಡಿದ್ದು ಬರ್ತೇನಿ ಅಂತ ಒಂದ ಮಾತ ನೀನ ನನಗ ಫೋನ ಮಾಡಿ ಹೇಳಿದ್ರ ಆಗತಿತ್ತು. ಬಣವಿ ನಾಡಿದ್ದು ಒಟ್ಟತಿದ್ವಿ. ಕಣಿಕಿ ಎರಡ ದಿನ ಬಯಲಾಗ ಇದ್ರ ಏನ ಸಾಯತಿರಲಿಲ್ಲ. ರೊಕ್ಕಾ ಬಂದ ಮ್ಯಾಲ ಕಾಯೂದ ಹೆಂಗ? ನಾಡಿದ್ದು ಬಾ ಅನ್ನಾಕ ನನಗ ಬಾಯಿ ಉಳೀಲಿಲ್ಲ. ಆ ರೊಕ್ಕಾದಾಗ ಸ್ಟೇಷನ್ನಿಂದ ಇಬ್ಬರ ಆಳ ಕರಸಿ ತಿಪ್ಪವ್ವನ ಜೋಡಿ ಹಚ್ಚಿದೆ. ಅವರ ಏನ ಬಣವಿ ಕಂಡಾರ? ಚೀಲ ಹೊರಾವ್ರು."

ಗುದ್ಲೆಪ್ಪನಿಗೆ ಕುರ್ಚಿಯೂ ಉಪ್ಪಿಟ್ಟೂ ನೆನಪಾಗಿ ಕಿವಿ ಬಿಸಿಯಾಯಿತು. ಬಣವೆಯ ಮೇಲೆ ನಿಂತಿದ್ದೇನೆ ಎಂದು ಹೇಳಿದ ಸುಳ್ಳು ಇವಳಿಗೆ ತಿಳಿದಿಲ್ಲ, ತಿಪ್ಪವ್ವನಿಗೂ ತಿಳಿದಿಲ್ಲ. ತಿಳಿದವನು ತಾನೊಬ್ಬನೇ.

"ನಾ ಬಣವಿ ಮ್ಯಾಲ ಇರಲಿಲ್ಲ ತಂಗಿ" ಎಂದ. "ಕುಂತಿದ್ದೆ. ಬಸ್ಸೂ ಇತ್ತು. ಬರಬಹುದಿತ್ತು."

ಅವಳ ಕೈ ನಿಂತಿತು. ಅವಳು ಅವನನ್ನು ನೋಡಿ, ಕುಡಗೋಲು ಹಿಡಿದು ಸಾಲಿಗೆ ಹೋದಳು.

ಸಂಜೆಯ ಹೊತ್ತಿಗೆ ಜೋಳವೆಲ್ಲ ಆಯಿತು. ತಿಪ್ಪವ್ವ ದುಡಿದ ದಿನಗಳ ಲೆಕ್ಕ ಅಲ್ಲಿಗೆ ತೀರಿತು. ಮರುದಿನ ಮಶಿನ್ನಿನವರು ಬಂದು ರಾಶಿ ಮಾಡಿ ಹೋದರು. ಕಣಿಕೆ ಮಾತ್ರ ಬಯಲಿನಲ್ಲಿ ಉಳಿಯಿತು. ಬಣವೆ ಒಟ್ಟಲು ಮೇಲೊಬ್ಬ ನಿಂತರೆ ಕೆಳಗೆ ಸಿವುಡು ಎಸೆಯುವವರು ಮೂವರಾದರೂ ಬೇಕು. ಹತ್ತೂರಿನ ಬಣವೆ ಒಟ್ಟಿದವನ ಕಣಿಕೆಗೆ ಸಿವುಡು ಎಸೆಯುವವರಿರಲಿಲ್ಲ.

ಗುದ್ಲೆಪ್ಪ ಒಬ್ಬನೇ ದಾನವ್ವನಲ್ಲಿಗೆ ಹೋದ. ಅವಳು ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು.

"ಅವ್ವಾರ, ತಪ್ಪಾತು. ಈಗ ಹೆಂಗ ತಿದ್ದಿಕೊಳ್ಳೂದು ಹೇಳ್ರಿ. ಆಕಿ ಬಣವಿ ಮುಟ್ಟಗೊಡವಲ್ಲಳು. ಆ ರೊಕ್ಕಾ ತಿರುಗಿ ಇಸಗೊಳ್ಳೂಣ ಅಂದ್ರ…"

"ಇಸಗೊಂಡ್ರ? ಮತ್ತ ರೊಕ್ಕದ ಮಾತ ಆತು." ದಾನವ್ವ ಮೊರವನ್ನು ಕೆಳಗಿಟ್ಟಳು. "ನಿನಗ ಯಾರ ಮ್ಯಾಲೂ ಏನೂ ಇಲ್ಲ, ಯಾರಿಗೂ ನಿನ್ನ ಮ್ಯಾಲ ಏನೂ ಇಲ್ಲ. ಊರಿಗೆ ಹೊಸಾದಾಗಿ ಬಂದಾಂವ ಹೆಂಗೋ ಹಂಗ ಅದೀ ನೀನೀಗ. ದಸ್ತಗೀರಸಾಬ ಈ ಊರಿಗೆ ಬಂದಾಗ ಏನ ಮಾಡಿದ್ದ, ನೆನಪೈತೇನು?"

ಗುದ್ಲೆಪ್ಪನಿಗೆ ನೆನಪಿತ್ತು. ಮೂವತ್ತು ವರ್ಷದ ಹಿಂದೆ ಶಿಗ್ಗಾವಿಯ ಕಡೆಯಿಂದ ಬಂದು ಆ ಮೂರು ಎಕರೆ ಹಿಡಿದಾಗ ಅವನನ್ನು ಯಾರೂ ಮುಯ್ಯಿಗೆ ಕರೆದಿರಲಿಲ್ಲ. ಅವನು ಒಂದು ದಿನ ತಾನಾಗಿಯೇ ದಾನವ್ವನ ಹೊಲಕ್ಕೆ ಬಂದು ಕಳೆಗೆ ಕುಳಿತ. ಎಂಟು ದಿನ ಬಂದ. ಬದಲಿಗೆ ನೀವೂ ಬರುತ್ತೀರಾ ಎಂದು ಒಂದು ಮಾತು ಕೇಳಲಿಲ್ಲ. ಒಂಬತ್ತನೆಯ ದಿನ ಅವನ ಹೊಲಕ್ಕೆ ಮೂರು ಮನೆಯವರೂ ಹೋಗಿದ್ದರು. ಅವರಲ್ಲಿ ಗುದ್ಲೆಪ್ಪನೂ ಒಬ್ಬ. ಇವನ್ಯಾರೋ ಕೆಲಸವಿಲ್ಲದವ ಎಂದು ಮೊದಲ ದಿನ ಅವನನ್ನು ಹಿಂದಿನಿಂದ ಆಡಿಕೊಂಡವನೂ ಗುದ್ಲೆಪ್ಪನೇ.

"ಕೇಳಬ್ಯಾಡ. ಲೆಕ್ಕಾ ಇಡಬ್ಯಾಡ" ಎಂದಳು ದಾನವ್ವ. "ಬಂದ್ರ ಬಂದಾರು, ಬಿಟ್ರ ಬಿಟ್ಟಾರು."

ಮರುದಿನ ಬೆಳಗ್ಗೆ ಅವನು ರಮಜಾನಬಿಯ ಹಿತ್ತಲಿಗೆ ಹೋದ. ಸುಗ್ಗಿ ಮುಗಿದ ಅವಳ ಮನೆಯಲ್ಲಿ ಉಳಿದಿದ್ದ ಕೆಲಸ ಒಂದೇ. ವರ್ಷದ ತಿಪ್ಪೆಯನ್ನು ಅಗೆದು, ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು, ಬಂಡಿ ಹೋಗದ ಓಣಿಯಿಂದ ರಸ್ತೆಯ ಮೇಲಿನ ಹೊಲಕ್ಕೆ ಹಾಕುವುದು. ಕೂಲಿಯವರೂ ಒಲ್ಲೆವೆನ್ನುವ ಕೆಲಸ. ಅವಳು ಎಮ್ಮೆ ಹಿಂಡುತ್ತ ಕುಳಿತವಳು ಅವನನ್ನು ನೋಡಿದಳು. ಏನು ಬಂದೆ ಎಂದು ಕೇಳಲಿಲ್ಲ, ಬೇಡವೆನ್ನಲಿಲ್ಲ. ಸಲಿಕೆ ಎಲ್ಲಿದೆಯೆಂದು ಗದ್ದದಿಂದ ತೋರಿಸಿದಳು.

ಅವನು ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತುಕೊಂಡು ಓಣಿ ದಾಟಿದ. ಹಾಲು ಹಾಕಲು ಹೊರಟವರು, ಸ್ಟೇಷನ್ನಿಗೆ ನಡೆದವರು ಎಲ್ಲರೂ ನೋಡಿದರು. "ಏನ್ರಿ ಮಾಸ್ತರ, ಇಲ್ಲಿ ಪಗಾರ ಎಷ್ಟ?" ಎಂದು ಒಬ್ಬ ಕೇಳಿಯೇ ಕೇಳಿದ. ಹಾನಗಲ್ಲಿನ ಮಾಸ್ತರ ಎಂಬ ಮಾತು ಊರಿಗೂ ಬಂದು ಮುಟ್ಟಿತ್ತು. ಹೊಲದಲ್ಲಿ ಗೊಬ್ಬರ ಸುರುವಿದಾಗಲೆಲ್ಲ ಆ ಬಣವೆ ಎದುರಿಗೇ ನಿಂತಿರುತ್ತಿತ್ತು. ಎಲ್ಲೆಲ್ಲಿ ಸಿವುಡು ಉಲ್ಟಾ ಇಟ್ಟಿದ್ದಾರೆ, ಎಲ್ಲಿ ಹೊಟ್ಟೆ ಬಿಟ್ಟಿದ್ದಾರೆ ಎಂದು ಅವನ ಕಣ್ಣು ತಾನಾಗಿಯೇ ಓದುತ್ತಿತ್ತು. ಒಂದು ಸಿವುಡು ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ ಸಿಗಿಸಲು ಕೈ ಹೋದದ್ದನ್ನು ತಡೆದುಕೊಂಡ. ಮುಟ್ಟಬೇಡ ಎಂದಿದ್ದಳು.

ರಾತ್ರಿ ತಿಪ್ಪವ್ವ ಬಿಸಿನೀರು ಕೊಟ್ಟು, ಬೆನ್ನು ತಿಕ್ಕುತ್ತ ಕೇಳಿದಳು. "ಏನರ ಅಂದ್ಲೇನು?"

"ಇಲ್ಲ."

"ಮತ್ತ?"

"ತಿಪ್ಪಿ ಇನ್ನೂ ಅರ್ಧಾ ಐತಿ."

"ನಾಳೆ ನಾನೂ ಬರ್ತೇನಿ. ಇಬ್ಬರಾದ್ರ ಲಗು ಆಕ್ಕತಿ."

"ಬ್ಯಾಡ. ನೀ ಬಂದ್ರ ಅದು ನಿನ್ನ ಮುಯ್ಯಿ ಆಕ್ಕತಿ."

ತಿಪ್ಪವ್ವ ಇನ್ನೆರಡು ತಂಬಿಗೆ ನೀರು ಹಾಕಿದಳು.

ನಾಲ್ಕು ದಿನವಾಯಿತು. ಐದನೆಯ ದಿನ ತಿಪ್ಪೆಗುಂಡಿ ತಳ ಕಂಡಿತು. ಮೂಡಣದಲ್ಲಿ ಎರಡು ದಿನದಿಂದ ಮೋಡ ಕಟ್ಟುತ್ತಿತ್ತು. ರಮಜಾನಬಿ ಹಾಲು ಹಾಕಿ ಬಂದವಳು ಗುಂಡಿಯ ದಂಡೆಯ ಮೇಲೆ ನಿಂತು ಆಕಾಶ ನೋಡಿದಳು.

"ನಿನ್ನ ಕಣಿಕಿ ಇನ್ನೂ ಬಯಲಾಗ ಬಿದ್ದೈತಂತ?"

"ಹೂಂ."

"ಯಾವಾಗ ಒಟ್ಟತಿ?"

ಅವನು ಸಲಿಕೆಯ ಮೇಲೆ ಕೈಯಿಟ್ಟು ನಿಂತ. ಅವಳು ಬೇಡವೆಂದಾಗ ಆಗಿದ್ದಕ್ಕಿಂತ ಈಗ ಹೆಚ್ಚು ನಾಚಿಕೆಯಾಯಿತು.

"ಮಂದಿ ಬೇಕಾಗತೈತಿ" ಎಂದ ನೆಲ ನೋಡುತ್ತ.

"ನಾ ಬರ್ತೇನಿ, ನಾಡಿದ್ದು. ದಾನವ್ವಾಯಿ ಸೊಸಿ ಏನಂತಾಳೋ, ಮಾಳಪ್ಪ ಏನಂತಾನೋ ನನಗ ಗೊತ್ತಿಲ್ಲ. ಅವರಿಗೆ ನೀನ ಹೋಗಿ ಕೇಳು. ನಿನ್ನ ಪರವಾಗಿ ನಾ ಕೇಳೂದಿಲ್ಲ."

ದಾನವ್ವನ ಮನೆಯಲ್ಲಿ ಕೇಳುವುದು ಅಷ್ಟು ಕಷ್ಟವಾಗಲಿಲ್ಲ. ಹಿರಿಯರ ಮುಂದೆ ತಲೆ ತಗ್ಗಿಸುವುದು ರೂಢಿಯಲ್ಲಿತ್ತು. ಸೊಸೆ ಅತ್ತೆಯ ಮುಖ ನೋಡಿದಳು, ಅತ್ತೆ ಹೂಂ ಎಂದಳು. ಮಾಳಪ್ಪನ ಮನೆಯ ಮುಂದೆ ಮಾತ್ರ ಗುದ್ಲೆಪ್ಪ ಎರಡು ಸಲ ಬಂದು ಎರಡು ಸಲವೂ ಮುಂದೆ ನಡೆದುಬಿಟ್ಟ. ಮೂರನೆಯ ಸಲ ಮಾಳಪ್ಪನೇ, "ಏನೋ, ಓಣಿ ಅಳತಿ ಮಾಡಾಕತ್ತಿಯೇನು?" ಎಂದ. ಅವನು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ನಾಡಿದ್ದು ಕಣಿಕಿ ಒಟ್ಟಬೇಕು. ಬರ್ತಿಯೇನು?"

"ಯಾರ ಕಣಿಕಿ?"

"ನಂದು."

"ತಿಪ್ಪವ್ವಂದಲ್ಲ?"

"ಅಲ್ಲ. ಆಕಿದು ಮುಗದೈತಿ. ನಂದು." ಆ ಮಾತು ಹೊರಗೆ ಬರಲು ಹೊತ್ತು ಹಿಡಿಯಿತು. "ನಿನ್ನ ಮ್ಯಾಲ ನಂದೇನೂ ಇಲ್ಲ. ಸುಮ್ನ ಕೇಳಾಕ ಬಂದೇನಿ."

ಮಾಳಪ್ಪನ ತುಟಿಯ ಮೇಲೆ ಏನೋ ಒಂದು ಚೇಷ್ಟೆಯ ಮಾತು ಬಂದು ನಿಂತದ್ದು ಕಂಡಿತು. ಬರಲಿ ಎಂದು ಗುದ್ಲೆಪ್ಪ ಕಾದ. ಮಾಳಪ್ಪ ಅವನ ಕೈಗಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಗೊಬ್ಬರ ಒಣಗಿತ್ತು.

"ಬರ್ತೇನಿ. ಮೊದಲ ಹಿತ್ತಲಕ್ಕ ಹೋಗಿ ಕೈ ತೊಳಕೊಂಡ ಬಾ, ಚಾ ಕುಡಿ."

ಗುದ್ಲೆಪ್ಪ ಹಿತ್ತಲಿಗೆ ಹೋಗಿ ಕಲ್ಲಿನ ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಕೈ ತೊಳೆದ. ಸ್ವಚ್ಛವಾದ ಮೇಲೂ ತೊಳೆಯುತ್ತಲೇ ಇದ್ದ. ಮುಖಕ್ಕೆ ನೀರು ಹಾಕಿಕೊಂಡ, ಇನ್ನೊಮ್ಮೆ ಹಾಕಿಕೊಂಡ. ಈ ಮುಖ ಹೊತ್ತುಕೊಂಡು ಕೂಡಲೇ ಕಟ್ಟೆಗೆ ಬರಲು ಅವನಿಂದ ಆಗಲಿಲ್ಲ. ಒಳಗಿನಿಂದ ಮಾಳಪ್ಪನ ಹೆಂಡತಿಯ ದನಿ ಕೇಳಿಸಿತು. "ಚಾ ಆರಾಕತ್ತೈತಿ, ಕರೀಲೇನು?"

"ಬ್ಯಾಡ" ಎಂದ ಮಾಳಪ್ಪ. "ಇರ್ಲಿ, ತೊಳಕೊಳ್ಳಲಿ."